ಎಸರು ಮರಳುವಷ್ಟರಲ್ಲಿ ಒಂದು ಕಾರ್ಡು

ನಮ್ಮ ಅನುವಿನ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಐದು ತಿಂಗಳಿಂದ ನನ್ನ ಟವಲ್ಲು ಒಣಗುತ್ತಿದೆ. ಅದು ಟವಲ್ಲಿಗಾಗಿ ತಂದದ್ದಲ್ಲ. ಅದರ ತಲೆಗೆ ಫೋನು ಸಿಕ್ಕಿಸಿ, ಎದುರಿಗೆ ನಿಂತು ಮಾತಾಡಿ, ಆ ಮಾತನ್ನು ಊರಿಗೆಲ್ಲ ಕಾಣುವ ಹಾಗೆ ಹಾಕುವುದಕ್ಕೆ ತಂದದ್ದು. ಚೆನ್ನಾಗಿಯೇ ಹಾಕುತ್ತಿದ್ದಳು. ಚಿಂತಾಮಣಿಯ ಸಂತೆಯಲ್ಲಿ ಹುಣಸೆಹಣ್ಣನ್ನು ಹೇಗೆ ಆರಿಸುತ್ತಾರೆ, ಕಲಾಯಿ ಹಾಕುವವರು ಪಾತ್ರೆಯನ್ನು ಹೇಗೆ ಬೆಳ್ಳಗೆ ಮಾಡುತ್ತಾರೆ, ಇಂಥವು. ನೋಡಿದವರು ಕೆಳಗೆ ಒಂದೊಂದು ಮಾತು ಬರೆಯುತ್ತಿದ್ದರು. ಅವಳು ಅದನ್ನು ನನಗೆ ಓದಿ ಹೇಳುತ್ತಿದ್ದಳು. ಒಂದು ದಿನ ಯಾರೋ "ತುಂಬಾ ಚೆನ್ನಾಗಿದೆ, ದೊಡ್ಡದಾಗಿ ಮಾಡಿ" ಎಂದು ಬರೆದರು ನೋಡಿ, ಅಲ್ಲಿಗೆ ನಿಂತಿತು.

"ಯಾಕಮ್ಮಾ ಬಿಟ್ಬಿಟ್ಟೆ?" ಎಂದು ಕೇಳಿದರೆ, "ಬಿಟ್ಟಿಲ್ಲ ಅಜ್ಜಿ, ಇನ್ನೂ ಚೆನ್ನಾಗ್ ಮಾಡ್ಬೇಕು, ಮೈಕ್ ಬರ್ಲಿ" ಅಂದಳು. ಮೈಕು ಬಂತು. ಬೆಳಕು ಸಾಲದು ಅಂದಳು. ಬೆಳಕೂ ಬಂತು, ದೊಡ್ಡ ಬಳೆಯ ಹಾಗಿರುವ ದೀಪ. ಈಗ ನಮ್ಮ ಮನೆಯ ಗೋಡೆ ಚೆನ್ನಾಗಿಲ್ಲವಂತೆ. ಗೋಡೆ ಎಲ್ಲಿಂದ ತರುವುದು?

ಅನು, ಇದನ್ನು ಓದುವಾಗ ಮುಖ ಊದಿಸಿಕೊಳ್ಳಬೇಡ. ನಗುವುದಕ್ಕೆ ಬರೆಯುತ್ತಿಲ್ಲ. ಇದೇ ಕಾಯಿಲೆ ನಿನಗಿಂತ ಮೊದಲು ನನಗೆ ಬಂದಿತ್ತು. ಅದು ಬಂದಾಗ ನಿಮ್ಮಮ್ಮನ ಓದೇ ಹೋಗುವುದರಲ್ಲಿತ್ತು. ಆ ಕಥೆಯನ್ನು ನಿಮಗೆ ಯಾರಿಗೂ ಹೇಳಿಲ್ಲ. ಹೇಳಲು ನಾಚಿಕೆ. ಬರೆಯಲು ಅಷ್ಟು ನಾಚಿಕೆಯಿಲ್ಲ, ಕಾಗದ ನಮ್ಮ ಮುಖ ನೋಡುವುದಿಲ್ಲವಲ್ಲ.

ನನ್ನ ನಾಚಿಕೆಯ ವಿಷಯ ನಿಮಗೆ ಗೊತ್ತೇ ಇದೆ. ನಾನು ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ, ನನ್ನ ತೌರೂರಿನ ಗುಡಿಯ ಜಗಲಿಯಲ್ಲಿ ನಡೆಯುತ್ತಿದ್ದ ಸ್ಕೂಲಿನಲ್ಲಿ. ಒಮ್ಮೆ ಇನ್ಸ್‌ಪೆಕ್ಟರು ಬಂದು ನನ್ನ ಹೆಸರು ಕೇಳಿದರು. ನಾನು ಬಾಯಿ ಬಿಡಲಿಲ್ಲ. ಪಕ್ಕದ ಹುಡುಗಿ ಗಾಬರಿಯಲ್ಲಿ ತನ್ನ ಹೆಸರನ್ನೇ ನನ್ನ ಹೆಸರೆಂದು ಹೇಳಿದಳು. ಆಮೇಲೆ ಅವಳ ಹೆಸರು ಕೇಳಿದಾಗ ಅವಳಿಗೆ ಹೇಳಲು ಹೆಸರೇ ಉಳಿದಿರಲಿಲ್ಲ, ಅತ್ತಳು. ಮದುವೆಯಾಗಿ ಬಂದ ಮೇಲೂ ಅಷ್ಟೇ. ನೆಂಟರು ಬಂದರೆ ನಾನು ಬಾಗಿಲ ಹಿಂದೆ. ನೆಂಟರು ಬಾಗಿಲನ್ನೇ ಮಾತಾಡಿಸಿ ಹೋಗುತ್ತಿದ್ದರು.

ನಾವಿದ್ದದ್ದು ಮೇಲೂರಿನಿಂದ ಎರಡು ಮೈಲಿ ಒಳಗಿನ ಚಿಕ್ಕ ಹಳ್ಳಿ. ನಿಮ್ಮ ತಾತ ರೇಷ್ಮೆ ಹುಳ ಸಾಕುತ್ತಿದ್ದರು. ಸಾಕುತ್ತಿದ್ದರು ಅನ್ನುವುದು ತಪ್ಪು, ಹುಳಗಳೇ ನಮ್ಮನ್ನು ಸಾಕುತ್ತಿದ್ದವು. ಮನೆಯ ಒಳ್ಳೆಯ ಕೋಣೆ ಅವಕ್ಕೆ, ಗಾಳಿ ಬರುವ ಕಿಟಕಿ ಅವಕ್ಕೆ. ನಾವು ಉಳಿದ ಜಾಗದಲ್ಲಿ ಒತ್ತರಿಸಿಕೊಂಡು ಇರುತ್ತಿದ್ದೆವು. ಹುಳಕ್ಕೆ ಘಾಟು ಆಗುವುದಿಲ್ಲವೆಂದು ಒಗ್ಗರಣೆಯನ್ನು ಹಿತ್ತಲಲ್ಲಿ ಹಾಕುತ್ತಿದ್ದೆ.

ನಿಮ್ಮಮ್ಮ ಸುಜಾತ ಏಳನೆಯ ಕ್ಲಾಸು ಮುಗಿಸಿದಳು. ಮುಂದಕ್ಕೆ ಓದಬೇಕೆಂದರೆ ನಮ್ಮ ಹಳ್ಳಿಯಿಂದ ದಿನಾ ಹೋಗಿ ಬರಲು ಬಸ್ಸಿರಲಿಲ್ಲ. ಮೇಷ್ಟರೊಬ್ಬರು ಅರ್ಜಿ ಹಾಕಿಸಿ ಚಿಕ್ಕಬಳ್ಳಾಪುರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜಾಗ ಕೊಡಿಸಿದರು. ನನ್ನ ಅತ್ತೆ ಒಪ್ಪಲಿಲ್ಲ. ಅವರ ತೌರು ಆಂಧ್ರದ ಕಡೆ. ಸಿಟ್ಟು ಬಂದರೆ ತೆಲುಗು ಬರುತ್ತಿತ್ತು.

"ಎಂದುಕೇ ಈ ಓದು? ಸೊಪ್ಪು ಹಚ್ಚೋಕೆ ಓದ್ಬೇಕಾ? ನಮ್ಮ ರಾಮಕ್ಕನ ಮಗ ಅವ್ನೆ, ಬೇರೆ ಕಡೆ ನೋಡೋ ಹಂಗೇ ಇಲ್ಲ."

ನಿಮ್ಮ ತಾತ ಮೆಲ್ಲಗೆ, "ಓದ್ಲಿ ಬಿಡವ್ವ" ಅಂದರು. ತಾತ ಅಷ್ಟು ಮಾತಾಡುವುದೇ ಹೆಚ್ಚು. ಅತ್ತೆ ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದು ಒಂದು ಷರತ್ತು ಹಾಕಿದರು.

"ಆಗ್ಲಿ, ಹೋಗ್ಲಿ. ಆದ್ರೆ ರಜ ಇಲ್ದೆ ಒಂದೇ ಒಂದ್ ದಿನ ಅಳ್ತಾ ಮನೇಗೆ ಬಂದ್ಳೋ, ಅಲ್ಲಿಗೆ ಓದು ಮುಗೀತು. ಆಮೇಲೆ ನಾನ್ ಹೇಳ್ದಂಗೆ ಕೇಳ್ಬೇಕು."

ಎಲ್ಲರೂ ಒಪ್ಪಿದರು. ಒಪ್ಪದೆ ಏನು ಮಾಡುವುದು?

ಹನ್ನೆರಡು ವರ್ಷದ ಹುಡುಗಿ ಹೊರಡುವಾಗ ನನ್ನ ಸೆರಗು ಹಿಡಿದು, "ಅಮ್ಮ, ವಾರ ವಾರ ಕಾಗದ ಬರೀತೀಯಲ್ಲ? ಬರೆದ್ರೆ ಇರ್ತೀನಿ" ಅಂದಳು. ಬರೀತೀನಿ ಅಂದೆ. ಕಾಗದ ಬರೆಯುವುದು ಎಂದರೆ ಏನೆಂದು ನನಗೆ ಆಗ ಗೊತ್ತಿರಲಿಲ್ಲ.

ಇನ್‌ಲ್ಯಾಂಡ್ ಲೆಟರು ತರಿಸಿದೆ. ನೀಲಿ ಕಾಗದ, ಬಿಚ್ಚಿದರೆ ಒಕ್ಕಣೆಯ ಕಣದಷ್ಟು ಅಗಲ. "ಚಿರಂಜೀವಿ ಸುಜಾತಳಿಗೆ ನಿನ್ನ ತಾಯಿ ಮಾಡುವ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ." ಇಷ್ಟು ಬರೆದೆ. ಮುಂದೆ? ಎಲ್ಲ ಬರೆಯಬೇಕು ಅನ್ನಿಸುತ್ತಿತ್ತು. ಮನೆ ಬಿಕೋ ಅನ್ನುತ್ತಿರುವುದು, ಅವಳ ತಟ್ಟೆಯನ್ನು ನಾನು ತೊಳೆದು ತೊಳೆದು ಇಡುತ್ತಿರುವುದು, ಚೆನ್ನಾಗಿ ಓದು ಅನ್ನುವುದು, ತಲೆಗೆ ಎಣ್ಣೆ ಹಚ್ಚಿಕೋ ಅನ್ನುವುದು. ಎಲ್ಲ ಬರೆಯಬೇಕು ಅಂದುಕೊಂಡು ಏನೂ ಬರೆಯುತ್ತಿರಲಿಲ್ಲ. ಆ ಕಾಗದ ಹದಿನೈದು ದಿನ ಹಿಟ್ಟಿನ ಡಬ್ಬದ ಹಿಂದೆ ಇತ್ತು. ಆಮೇಲೆ ಅದಕ್ಕೆ ಎಣ್ಣೆ ತಾಗಿತು.

ಒಂದು ಸೋಮವಾರ ಅಂಚೆಯ ನಾರಾಯಣಪ್ಪ ಬಂದಾಗ, ಇನ್ನೊಂದು ಇನ್‌ಲ್ಯಾಂಡು ಕೊಡಿ ಎಂದು ಬಾಗಿಲ ಹಿಂದಿನಿಂದ ಕೇಳಿದೆ.

"ಮುಗಿದೋಗವೆ ಅಕ್ಕಯ್ಯ. ಕಾರ್ಡ್ ಅವೆ, ಕೊಡ್ಲಾ? ಆ ಮನೆ ಈ ಮನೆ ಮುಗಿಸ್ಕೊಂಡು ತಿರುಗಿ ಈ ಕಡೆನೇ ಬರ್ತೀನಿ, ಅಷ್ಟರಲ್ಲಿ ಬರ್ದಿಡಿ. ಇವತ್ತು ಹೋದ್ರೆ ಬುಧವಾರ ಮಗೀಗೆ ಸಿಗ್ತದೆ."

ಅಂಗೈಯಷ್ಟು ಕಾರ್ಡು. ಕೂತು ಬರೆಯುವ ಹಾಗಿಲ್ಲ, ಅತ್ತೆ ನಡುಮನೆಯಲ್ಲೇ ಇದ್ದಾರೆ. ಹೆಂಗಸು ಸುಮ್ಮನೆ ಕೂತು ಬರೆಯುವುದನ್ನು ಅವರು ಕಂಡಿದ್ದೇ ಇಲ್ಲ. ಮುದ್ದೆಗೆ ಎಸರಿಡುವ ಹೊತ್ತಾಗಿತ್ತು. ಒಲೆಗೆ ಹಿಪ್ಪುನೇರಳೆ ಕಡ್ಡಿ ತುರುಕಿ ಎಸರಿಟ್ಟೆ. ಎಸರು ಮರಳುವವರೆಗೆ ಹೇಗೂ ಒಲೆ ಮುಂದೆ ಕೂರಲೇಬೇಕು. ಅದನ್ನು ಯಾರೂ ಸೋಮಾರಿತನ ಅನ್ನುವುದಿಲ್ಲ. ಮೊಣಕಾಲ ಮೇಲೆ ಕಾರ್ಡಿಟ್ಟುಕೊಂಡೆ. ಆಶೀರ್ವಾದಕ್ಕೆ ಜಾಗವಿಲ್ಲ. ಉಭಯ ಕುಶಲೋಪರಿಗೂ ಜಾಗವಿಲ್ಲ. ಏನು ಬರೆಯಲಿ ಎಂದು ತಲೆ ಎತ್ತಿದರೆ ಹಿತ್ತಲಲ್ಲಿ ನಮ್ಮ ಕರಿ ಕೋಳಿ ರೆಕ್ಕೆ ಹರಡಿಕೊಂಡು ಕೂತಿತ್ತು. ಅದನ್ನೇ ಬರೆದೆ.

"ಸುಜಿ, ಕರಿ ಕೋಳಿ ಕಾವಿಗೆ ಕೂತಿದೆ. ಜಾಗ ಹುಡುಕಿ ಹುಡುಕಿ ಕೊನೆಗೆ ನಿನ್ನ ಅಜ್ಜಿಯ ಹಳೇ ಸೀರೆಯ ಗಂಟಿನ ಮೇಲೆ ಕೂತಿದೆ. ಅಜ್ಜಿ ಎಬ್ಬಿಸಿದರೆ ಕುಕ್ಕುತ್ತದೆ. ಅಜ್ಜಿ ತೆಲುಗಿನಲ್ಲಿ ಬೈಯುತ್ತಾರೆ, ಅದು ಕೋಳಿ ಭಾಷೆಯಲ್ಲಿ ಬೈಯುತ್ತದೆ. ಹನ್ನೊಂದು ಮೊಟ್ಟೆ ಇಟ್ಟಿದ್ದೇನೆ. ಅಮ್ಮ."

ಎಸರು ಮರಳಿತು. ಕಾರ್ಡು ಮುಗಿಯಿತು. ನಾರಾಯಣಪ್ಪ ತೆಗೆದುಕೊಂಡು ಹೋಗುತ್ತಾ ಹೋಗುತ್ತಾ ಓದಿ, ಬೇಲಿಯ ಹತ್ತಿರ ನಕ್ಕಿದ್ದು ನನಗೆ ಕೇಳಿಸಿತು.

ಅವತ್ತಿನಿಂದ ಅದೇ ನನ್ನ ನೇಮವಾಯಿತು. ಸೋಮವಾರ. ಕಾರ್ಡು ಮಾತ್ರ. ಎಸರಿಟ್ಟ ಮೇಲೆ ಶುರು, ಮರಳಿದ ಮೇಲೆ ಒಂದಕ್ಷರವೂ ಬರೆಯುವ ಹಾಗಿಲ್ಲ, ವಾಕ್ಯ ಅರ್ಧವಾಗಿದ್ದರೂ ಅಷ್ಟೇ. ಒಂದು ಕಾರ್ಡಿಗೆ ಒಂದೇ ವಿಷಯ, ಅದೂ ನಮ್ಮ ಹಿತ್ತಲು ಜಗಲಿಯ ಒಳಗೆ ನನ್ನ ಕಣ್ಣಿಗೆ ಬಿದ್ದದ್ದು. ಅಳು ಬರೆಯಬಾರದು. ಚೆನ್ನಾಗಿ ಓದು ಎಂದು ಬರೆಯಬಾರದು, ಅದನ್ನು ಹೇಳುವುದಕ್ಕೆ ಮೇಷ್ಟರಿದ್ದಾರೆ. ಈ ನೇಮಗಳನ್ನು ಯಾರೂ ನನಗೆ ಹಾಕಿದ್ದಲ್ಲ. ನಮ್ಮ ಅತ್ತೆಗೂ ಹೀಗೆ ಒಂದಿತ್ತು. ಸೊಸೆ ಬಂದ ಮೇಲೆ ಅತ್ತೆ ಒಲೆ ಮುಂದೆ ಕೂರಬಾರದು, ಕೂತರೆ ಸೊಸೆಗೆ ಅವಮಾನ, ಮನೆಗೂ ಅವಮಾನ. ನಾನು ಮನೆಗೆ ಕಾಲಿಟ್ಟ ದಿನದಿಂದ ಅವರು ಎಸರಿಟ್ಟವರಲ್ಲ. ನಾನು ಊರಿಗೆ ಹೋದರೆ ತಂಗಳೋ, ಪಕ್ಕದ ಮನೆಯದೋ. ಅವರ ನೇಮ ನನಗೆ ಕಷ್ಟವಾಗಿತ್ತು, ನನ್ನದು ನನಗೆ ಸುಖವಾಗಿತ್ತು. ನೇಮ ಒಂದೇ ಥರ ಕಂಡರೂ ಯಾರು ಹಾಕಿದ್ದು ಅನ್ನುವುದರಲ್ಲಿ ವ್ಯತ್ಯಾಸವಿದೆ.

ಮಳೆಗಾಲದಲ್ಲಿ ಕಡ್ಡಿ ಹಸಿಯಾಗಿ ಎಸರು ನಿಧಾನವಾಗಿ ಮರಳುತ್ತಿತ್ತು. ಆಗಿನ ಕಾರ್ಡುಗಳು ಉದ್ದ, ಬದಿಯಲ್ಲೆಲ್ಲ ಇರುವೆ ಸಾಲಿನ ಹಾಗೆ ಅಕ್ಷರ. ಬೇಸಿಗೆಯ ಕಾರ್ಡುಗಳು ಎರಡೇ ಸಾಲು. ನುಗ್ಗೆಕಾಯಿಗೆ ಅತ್ತೆಯೂ ಪಕ್ಕದ ಮನೆಯವರೂ ಜಗಳವಾಡಿ, ಕೊನೆಗೆ ಇಬ್ಬರೂ ಮುನಿಸಿಕೊಂಡು ಕಾಯಿ ಯಾರೂ ಕೀಳದೆ ಮರದಲ್ಲೇ ಬಲಿತದ್ದು ಒಂದು ವಾರ. ಹುಳಕ್ಕೆ ಮೂರನೇ ಜ್ವರ ಬಂದದ್ದು ಒಂದು ವಾರ. ಜ್ವರ ಅಂದರೆ ಕಾಯಿಲೆಯಲ್ಲ ಮಕ್ಕಳೇ, ಪೊರೆ ಬಿಡುವ ಮೊದಲು ಹುಳ ತಿನ್ನದೆ ತಲೆ ಎತ್ತಿ ಸುಮ್ಮನೆ ನಿಲ್ಲುತ್ತದೆ. "ಎಲ್ಲ ಹುಳವೂ ಪ್ರಾರ್ಥನೆಗೆ ನಿಂತಿವೆ, ನಿಮ್ಮ ಹಾಸ್ಟೆಲಿನ ಹಾಗೆ" ಎಂದು ಬರೆದಿದ್ದೆ. ಆ ಸೋಮವಾರ ತುಂಬ ಖುಷಿಯಾಗಿತ್ತು ನನಗೆ.

ಸಂಕ್ರಾಂತಿಯ ರಜಕ್ಕೆ ಸುಜಾತ ಬಂದಳು. ಕಬ್ಬು ಕಚ್ಚುತ್ತಾ ಕಚ್ಚುತ್ತಾ ಒಂದು ಮಾತು ಹೇಳಿದಳು.

"ಅಮ್ಮ, ನಿನ್ ಕಾರ್ಡ್‌ನ ನಾವು ಊಟದ ಹಾಲ್‌ನಲ್ಲಿ ಓದ್ತೀವಿ."

"ನಾವು ಅಂದ್ರೆ?"

"ಎಲ್ರೂ. ಬುಧವಾರ ಸಾಯಂಕಾಲ. ಶಿಡ್ಲಘಟ್ಟದ ನಸೀಮಾ ಅವ್ಳಲ್ಲ, ನನ್ ಪಕ್ಕದ ಹಾಸಿಗೆಯವಳು, ಅವಳೇ ನಿಂತ್ಕೊಂಡು ಓದೋದು. ಅಜ್ಜಿ ಥರಾನೇ ಮೂಗು ಎಳೀತಾಳೆ. ವಾರ್ಡನ್ ಮೇಡಮ್ಮೂ ಬಾಗ್ಲಲ್ಲಿ ನಿಂತ್ಕೋತಾರೆ."

ನಾನು ಒಳಗೆ ಹೋಗಿ ಹುಳದ ಕೋಣೆಯಲ್ಲಿ ನಿಂತೆ. ಇನ್ಸ್‌ಪೆಕ್ಟರ ಮುಂದೆ ಹೆಸರು ಹೇಳದವಳನ್ನು ಅರವತ್ತು ಹುಡುಗಿಯರು ಊಟದ ತಟ್ಟೆ ಹಿಡಿದುಕೊಂಡು ಕೇಳುತ್ತಿದ್ದಾರೆ! ನನ್ನ ಒರಟು ಅಕ್ಷರ, ಕೋಳಿ, ನುಗ್ಗೆಕಾಯಿ. ನಾಚಿಕೆಯಿಂದ ಬೆವರಿದೆ. ನಾಚಿಕೆ ಒಂದೇ ಆಗಿದ್ದರೆ ಚೆನ್ನಾಗಿತ್ತು. ಅದರ ಅಡಿಯಲ್ಲಿ ಇನ್ನೊಂದು ಹುಟ್ಟಿತು. ಅಷ್ಟು ಜನ ಕೇಳುತ್ತಾರೆಂದರೆ ಚೆನ್ನಾಗಿ ಬರೆಯಬೇಕಲ್ಲ ಎಂಬ ಆಸೆ.

ರಜ ಮುಗಿದು ಸುಜಾತ ಹೋದ ಮೇಲಿನ ಸೋಮವಾರ ನಾನು ಕಾರ್ಡು ಮುಟ್ಟಲಿಲ್ಲ. ನೀಲಿ ಇನ್‌ಲ್ಯಾಂಡು ತರಿಸಿದೆ. ಈ ಸಲ ದೊಡ್ಡದಾಗಿ, ಓದಿದವರ ಹಾಗೆ. "ಪ್ರಕೃತಿ ಮಾತೆಯ ಮಡಿಲಲ್ಲಿ ಹಸಿರಿನಿಂದ ಕಂಗೊಳಿಸುವ ನಮ್ಮ ಗ್ರಾಮವು" ಎಂದು ಶುರು ಮಾಡಿದೆ. ನಮ್ಮ ಗ್ರಾಮ ಆಗ ಕಂಗೊಳಿಸುತ್ತಲೂ ಇರಲಿಲ್ಲ, ಮಾಘದ ಒಣ ಗಾಳಿಗೆ ಧೂಳು ತುಂಬಿತ್ತು. ಬರೆದು ಹೊಡೆದುಹಾಕಿದೆ. ಎಸರಿಟ್ಟು ಬರೆಯುವುದು ಇಷ್ಟು ದೊಡ್ಡ ಕೆಲಸಕ್ಕೆ ಸರಿಹೋಗುವುದಿಲ್ಲವೆಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತೆ. ಒಂದು ಸೋಮವಾರ ಹೋಯಿತು. ಎರಡು ಹೋದವು. ನಾರಾಯಣಪ್ಪ ಬಂದು, "ಏನಕ್ಕಯ್ಯ, ಕೋಳಿ ವಿಷ್ಯ ಅರ್ಧಕ್ಕೇ ನಿಲ್ಸಿದ್ರಿ? ಮರಿ ಆಯ್ತೋ ಇಲ್ವೋ?" ಅಂದ. ಕರಿ ಕೋಳಿ ಎರಡನೆಯ ಸಲ ಕಾವಿಗೆ ಕೂತಿತ್ತು. ರಜಕ್ಕೆ ಮುಂಚಿನ ಕಾರ್ಡಿನಲ್ಲಿ ಅದನ್ನು ಬರೆದಿದ್ದೆ. "ಮುಂದಿನ ವಾರ ದೊಡ್ಡ ಕಾಗದ ಕೊಡ್ತೀನಿ" ಅಂದೆ ಬಾಗಿಲ ಹಿಂದಿನಿಂದ.

ಮೂರನೆಯ ಸೋಮವಾರವೂ ಹೋಯಿತು. ಆ ಬುಧವಾರ ಹುಳ ಹಣ್ಣಾದವು. ಹಣ್ಣಾಗುವುದೆಂದರೆ, ತಿನ್ನುವುದು ಬಿಟ್ಟು ಮೈ ಹೊಂಬಣ್ಣಕ್ಕೆ ತಿರುಗಿ, ನೂಲು ಬಿಡಲು ಸಿದ್ಧವಾಗುವುದು. ಆ ಹೊತ್ತಿಗೆ ಅವನ್ನು ಆರಿಸಿ ಚಂದ್ರಂಕಿಯ ಮೇಲೆ ಬಿಡಬೇಕು. ಚಂದ್ರಂಕಿಯನ್ನು ನೀವು ನೋಡಿಲ್ಲ. ಬಾಗಿಲಷ್ಟು ದೊಡ್ಡ ಬಿದಿರ ಚಾಪೆ, ಅದರ ಮೇಲೆ ಚಕ್ಕುಲಿಯ ಹಾಗೆ ಸುತ್ತು ಸುತ್ತಾಗಿ ನಿಲ್ಲಿಸಿದ ಬಿದಿರ ಪಟ್ಟಿ. ಸುತ್ತುಗಳ ನಡುವಿನ ಸಂದಿಯಲ್ಲಿ ಹುಳ ಕೂತು ಗೂಡು ಕಟ್ಟುತ್ತದೆ. ಮನೆಯವರೆಲ್ಲ ಆ ದಿನ ಊಟ ಬಿಟ್ಟು ಆರಿಸುತ್ತೇವೆ. ನಿಮ್ಮ ತಾತ ನನಗೆ ಹುಳ ಮೇಯುವ ಬಿದಿರ ತಟ್ಟೆಗಳಲ್ಲಿ ಕೆಳಗಿನದೊಂದನ್ನು ಒಪ್ಪಿಸಿ, "ಇದೊಂದು ನೀನು ನೋಡ್ಕೊ" ಎಂದು ಚಂದ್ರಂಕಿಗಳನ್ನು ಅಂಗಳದ ನೆರಳಿಗೆ ಒರಗಿಸಲು ಹೋದರು.

ನನಗೆ ಆಗಲೇ ಹೊಳೆಯಬೇಕೇ! ಇನ್‌ಲ್ಯಾಂಡಿನ ಎರಡನೆಯ ಮಡಿಕೆಗೆ ಒಂದು ಒಳ್ಳೆಯ ಸಾಲು. ಎರಡೇ ನಿಮಿಷ ಎಂದು ಒಳಗೆ ಹೋದೆ. ಆ ಸಾಲು ಇನ್ನೊಂದನ್ನು ಕರೆಯಿತು, ಅದನ್ನು ಹೊಡೆದುಹಾಕಿದೆ, ಮತ್ತೊಂದು ಬರೆದೆ. ತಟ್ಟೆ ಮರೆತೇಹೋಯಿತು. ಉಳಿದವರು ನಾನು ಮುಗಿಸಿದ್ದೇನೆ ಅಂದುಕೊಂಡರು.

ಮಾರನೆಯ ಬೆಳಿಗ್ಗೆ ತಾತ ಕರೆದರು. ಆ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದರು. ನೋಡಿದರೆ ಒಂದು ಗೂಡೂ ಇಲ್ಲ. ಹುಳಗಳು ಇಡೀ ತಟ್ಟೆಯಲ್ಲಿ ಓಡಾಡಿ ಓಡಾಡಿ, ಹಾಸಿದ್ದ ಕಾಗದದ ಮೇಲೆಲ್ಲ ನೂಲು ಬಳಿದಿದ್ದವು. ಹಾಲಿನ ಕೆನೆಯ ಹಾಗೆ, ಹೊಳಪಾಗಿ, ತೆಳ್ಳಗೆ. ಬಿಚ್ಚಲಿಕ್ಕೆ ಬರುವುದಿಲ್ಲ, ಯಾತಕ್ಕೂ ಬರುವುದಿಲ್ಲ. ನೂಲು ಬರಿದಾದ ಹುಳಗಳು ಮೂಲೆಯಲ್ಲಿ ಕುಗ್ಗಿ ಮಲಗಿದ್ದವು.

ನಾನು ಬೈಗುಳಕ್ಕೆ ಕಾದೆ. ತಾತ ಬೈಯಲಿಲ್ಲ. ತಟ್ಟೆಯನ್ನು ಬೆಳಕಿಗೆ ಹಿಡಿದು, "ನೋಡು, ಬಯಲಲ್ಲಿ ಬಿಟ್ರೆ ಹುಳಾನೂ ಕಟ್ಟಲ್ಲ. ಸಂದಿ ಸಿಕ್ಕಿದ್ರೇನೇ ಗೂಡು" ಅಂದರು. ಹುಳದ ವಿಷಯವನ್ನೇ ಹೇಳಿದ್ದು ಅವರು. ನನ್ನ ನೀಲಿ ಕಾಗದ ಅವರು ನೋಡಿರಲೂ ಇಲ್ಲ. ನನಗೆ ಮಾತ್ರ ಮುಖಕ್ಕೆ ಹೊಡೆದ ಹಾಗಾಯಿತು.

ಇವತ್ತೇ ಕಾರ್ಡು ಬರೆದು ಕಳಿಸಬೇಕು ಅಂದುಕೊಂಡೆ. ಅಷ್ಟರಲ್ಲಿ ಅಂಗಳದಲ್ಲಿ "ಅಮ್ಮಾ" ಅನ್ನುವ ದನಿ. ಸುಜಾತ. ಒಂದು ಬಟ್ಟೆಯ ಚೀಲ, ಮೇಲೂರಿನಿಂದ ನಡೆದು ಬಂದು ಧೂಳಾದ ಕಾಲು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನಿಂಗೇನೂ ಆಗಿಲ್ವಾ?"

"ನಂಗೇನಾಗ್ತದೆ?"

"ಮೂರು ಬುಧವಾರ ಆಯ್ತು. ನೀನ್ ಸತ್ತೋಗಿದೀಯ, ನಂಗ್ ಹೇಳ್ತಿಲ್ಲ ಅಂದ್ಕೊಂಡೆ." ಅಷ್ಟು ಹೇಳಿ ಗೋಳೋ ಎಂದು ಅತ್ತಳು.

ಹಾಸ್ಟೆಲಿನಲ್ಲಿ ಯಾರಿಗೂ ಹೇಳದೆ ಬೆಳಗಿನ ಮೊದಲನೆಯ ಬಸ್ಸು ಹತ್ತಿ ಬಂದಿದ್ದಳು. ಅತ್ತೆ ಜಗಲಿಯಿಂದ ಎದ್ದು ಬಂದರು. ಅವರಿಗೆ ಗೆದ್ದ ಸಂತೋಷವಿತ್ತು ಅಂದರೆ ಸುಳ್ಳಾಗುತ್ತದೆ. ಮೊಮ್ಮಗಳ ಮುಖ ತಮ್ಮ ಸೆರಗಿನಿಂದಲೇ ಒರೆಸಿದರು. ಒರೆಸಿ, "ಬಂದ್ಯಲ್ಲ ತಾಯಿ. ಅಳ್ತಾನೂ ಬಂದ್ಯಲ್ಲ. ಮಾತ್ ಅಂದ್ರೆ ಮಾತು" ಅಂದರು.

ತಾತ ಅಂಗಳದಲ್ಲಿ ನಿಂತೇ ಹೇಳಿದರು: "ಅವ್ವ, ಅವ್ಳು ಓದಕ್ಕಾಗ್ದೆ ಬಂದಿಲ್ಲ. ಅವರಮ್ಮನ್ನ ನೋಡಕ್ಕೆ ಬಂದವ್ಳೆ."

"ಎರಡೂ ಒಂದೇ ಕಣಪ್ಪ."

"ಅಲ್ಲ ಅತ್ತೆ." ಇದನ್ನು ಅಂದದ್ದು ಯಾರು ಎಂದು ಮೂವರೂ ತಿರುಗಿ ನೋಡಿದರು. ನಾನೂ ನೋಡಿಕೊಂಡೆ. ನಾನೇ ಅಂದಿದ್ದೆ. "ತಪ್ಪು ಮಾಡಿದ್ದು ನಾನು. ಅವಳು ಅಳ್ತಾ ಬಂದಿದ್ದು ನನ್ನಿಂದ. ನಾಳೆ ನಾನೇ ಕರ್ಕೊಂಡೋಗಿ ಬಿಟ್ಟು ಬರ್ತೀನಿ."

"ನೀನಾ?" ಅಂದರು ಅತ್ತೆ. "ಬಸ್ಸಲ್ಲಿ ಟಿಕೇಟ್ ಕೇಳಕ್ಕೆ ಬಾಯಿ ಐತಾ ನಿಂಗೆ? ವಾರ್ಡನ್ನಮ್ಮ ಸೇರಿಸ್ಕೊಳ್ಳಲ್ಲ ಅಂದ್ರೆ?"

"ಅಂದ್ರೆ ನೀವ್ ಹೇಳ್ದಂಗೆ."

ಅತ್ತೆ ಮೊಮ್ಮಗಳ ಚೀಲವನ್ನು ಜಗಲಿಯ ಮೇಲೆ ಎತ್ತಿಟ್ಟು, "ಸರಿ ಹೋಗು, ನೋಡಾಣ" ಅಂದರು.

ತಾತ ಚಂದ್ರಂಕಿ ಬಿಟ್ಟು ಬರುವ ಹಾಗಿರಲಿಲ್ಲ. ನಾನು ಸುಜಾತ ಇಬ್ಬರೇ ಶಿಡ್ಲಘಟ್ಟಕ್ಕೆ ಬಂದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ವಾರ್ಡನ್ನಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ತಪ್ಪಾಯಿತು, ಮಗು ಗಾಬರಿಯಾಗಿ ಬಂದಳು, ದೊಡ್ಡ ಮನಸ್ಸು ಮಾಡಿ. ನಂದಿ ಬೆಟ್ಟ ಕಾಣುವ ಹೊತ್ತಿಗೆ ಬಾಯಿಪಾಠ ಚೆನ್ನಾಗಿ ಬಂತು. ಹಾಸ್ಟೆಲಿನ ಬಾಗಿಲಲ್ಲಿ ಎಲ್ಲ ಮರೆತುಹೋಯಿತು.

ವಾರ್ಡನ್ ಮೇಡಮ್ಮು ಎತ್ತರದವರು, ದನಿಯೂ ಎತ್ತರ. "ಹೇಳ್ದೆ ಕೇಳ್ದೆ ಓಡಿ ಹೋಗಿದಾಳೆ. ನಿನ್ನೆಯಿಡೀ ನಾವು ಹುಡುಕಿದೀವಿ. ದಾರೀಲಿ ಏನಾದ್ರೂ ಆಗಿದ್ರೆ ಯಾರು ಜವಾಬ್ದಾರಿ? ಈ ಥರ ಹುಡುಗೀನ ನಾನು ಮತ್ತೆ ಯಾಕೆ ಇಟ್ಕೋಬೇಕು, ಹೇಳಿ."

ನಾನು ಹೇಳಲಿಲ್ಲ. ಹಿಂದೆ ಸರಿದು ನಿಲ್ಲಲು ಬಾಗಿಲು ಹುಡುಕಿದೆ, ಅದು ಹೊರಕ್ಕೆ ತೆರೆಯುವ ಬಾಗಿಲು, ಹಿಂದೆ ಜಾಗವಿರಲಿಲ್ಲ. ಕಿಟಕಿಯ ತುಂಬ ಹುಡುಗಿಯರ ತಲೆಗಳು. ಮೇಡಮ್ಮು, "ಹೇಳಿ ತಾಯಿ" ಅಂದರು ಮತ್ತೆ. ಸುಜಾತಳ ಕೈ ನನ್ನ ಕೈಯಲ್ಲಿ ತಣ್ಣಗಾಗುತ್ತಿತ್ತು. ಒಂದು ಮಾತು, ಒಂದೇ ಒಂದು ಮಾತು ಹೊರಡದೆ ಇದ್ದರೆ ಇವಳ ಓದು ಇಲ್ಲಿಗೆ ಮುಗಿಯಿತು ಎಂದು ನನಗೆ ಗೊತ್ತು. ಗೊತ್ತಾದಷ್ಟೂ ಬಾಯಿ ಕಟ್ಟಿತು.

ಆಗ ಕಿಟಕಿಯಿಂದ ಒಂದು ದನಿ ಬಂತು. ಜರಿ ಅಂಚಿನ ದುಪಟ್ಟಾದ ಉದ್ದ ಮೂಗಿನ ಹುಡುಗಿ.

"ಅಮ್ಮಾ, ನೀವೇನಾ ಕಾರ್ಡ್ ಅಮ್ಮ? ಕರಿ ಕೋಳಿ ಮರಿ ಮಾಡ್ತಾ?"

ಅವಳೇ ನಸೀಮಾ ಎಂದು ಹೇಳದೆಯೇ ತಿಳಿಯಿತು. ವಾರ್ಡನ್ನು, "ನಸೀಮಾ, ಹೋಗ್ ಆ ಕಡೆ!" ಎಂದು ಗದರಿದರು. ಆದರೆ ಗದರಿ ನನ್ನ ಕಡೆ ತಿರುಗಿದವರು ಸುಮ್ಮನಾದರು. ಅವರೂ ಉತ್ತರಕ್ಕೆ ಕಾಯುತ್ತಿದ್ದರು!

ಇದು ನನಗೆ ಬರುತ್ತಿತ್ತು. ಒಂದೇ ವಿಷಯ, ಹಿತ್ತಲಿನ ಒಳಗಿನದು.

"ಒಂಬತ್ತು ಮರಿ ಆಯ್ತು" ಅಂದೆ. "ಒಂದನ್ನ ಹದ್ದು ಎತ್ಕೊಂಡೋಯ್ತು. ಎಂಟು ಅವೆ. ಒಂದು ಮರಿ ಕುಂಟು. ಅದು ಅಜ್ಜಿ ಮಡಿಲಲ್ಲೇ ಇರ್ತದೆ. ಬೈಕೊಂಡೇ ನುಚ್ಚು ತಿನ್ನಿಸ್ತಾರೆ."

ಹದ್ದಿನ ಹತ್ತಿರ ಕಿಟಕಿಯೆಲ್ಲ "ಅಯ್ಯೋ" ಅಂದಿತು. ಅಜ್ಜಿಯ ಮಡಿಲಿನ ಹತ್ತಿರ ನಕ್ಕಿತು. ವಾರ್ಡನ್ ಮೇಡಮ್ಮು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಮೂರು ವಾರ ಯಾಕ್ರಮ್ಮ ಬರೀಲಿಲ್ಲ?"

"ಚೆನ್ನಾಗಿ ಬರೀಬೇಕು ಅಂತ" ಅಂದೆ.

ಅವರು ನಗಲಿಲ್ಲ. ಕನ್ನಡಕ ಹಾಕಿಕೊಂಡು, "ಚೆನ್ನಾಗಿ ಯಾರು ಕೇಳಿದ್ರು? ಬುಧವಾರ ಬಂದ್ರೆ ಸಾಕು. ಒಂದು ಬುಧವಾರ ತಪ್ಪಿದ್ರೂ ನಿಮ್ ಮಗಳನ್ನ ಟ್ರಂಕ್ ಸಮೇತ ವಾಪಸ್ ಕಳಿಸ್ತೀನಿ" ಅಂದರು. ಸುಜಾತಳಿಗೆ, "ಹೋಗು, ಕೈಕಾಲು ತೊಳ್ಕೊ" ಅಂದರು.

ಸಾಯಂಕಾಲ ನಾನು ಮನೆ ಸೇರಿದಾಗ ತಾತ ತಂಗಳು ಮುದ್ದೆ ತಿನ್ನುತ್ತಿದ್ದರು. ಅತ್ತೆ ನೇಮ ಬಿಟ್ಟಿರಲಿಲ್ಲ. "ಏನಂದ್ರು?" ಅಂದರು. "ಸೇರಿಸ್ಕೊಂಡ್ರು" ಅಂದೆ. ಕುಂಟು ಮರಿಯನ್ನು ಮಡಿಲಲ್ಲಿ ಆ ಕಡೆಯಿಂದ ಈ ಕಡೆಗೆ ಇಟ್ಟುಕೊಂಡು, "ಇನ್ನೊಂದ್ ಸಲ ಬಂದ್ರೆ ಬಿಡಲ್ಲ" ಅಂದರು. ಮುಂದಿನ ಸೋಮವಾರ ಎಸರಿಟ್ಟು ಕಾರ್ಡು ಹಿಡಿದಾಗ ಮಾತ್ರ ನಡುಮನೆಯಿಂದ ಕೇಳಿದರು: "ನನ್ ಬಗ್ಗೆ ಏನ್ ಬರೀತಿದೀಯ, ಗಟ್ಟಿಯಾಗ್ ಓದು."

ಆಮೇಲೆ ಬುಧವಾರ ತಪ್ಪಲಿಲ್ಲ. ಎಲ್ಲ ಕಾರ್ಡುಗಳೂ ಚೆನ್ನಾಗಿದ್ದವು ಅಂತ ತಿಳಿಯಬೇಡಿ. "ಈ ವಾರ ಏನೂ ಆಗಲಿಲ್ಲ. ಹಲ್ಲಿಯೂ ಬರಲಿಲ್ಲ" ಎಂದಷ್ಟೇ ಬರೆದದ್ದೂ ಇದೆ. ಅದನ್ನೂ ನಸೀಮಾ ನಿಂತು ಓದಿದಳಂತೆ, ಅದಕ್ಕೇ ಹೆಚ್ಚು ನಕ್ಕರಂತೆ. ಸುಜಾತ ಹತ್ತನೆಯ ಕ್ಲಾಸಿಗೆ ಬಂದ ವರ್ಷ ನಿಮ್ಮ ತಾತ ಹೋದರು. ತಿಥಿ ಮುಗಿಸಿ ಅವಳನ್ನು ಹಾಸ್ಟೆಲಿಗೆ ಕಳಿಸಿದ ಮೇಲಿನ ಸೋಮವಾರ ಎಸರಿಟ್ಟು ಕೂತೆ. ಅಳು ಬರೆಯಬಾರದು ಅನ್ನುವ ನೇಮವನ್ನು ಆವತ್ತು ಮುರಿದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬರೆದದ್ದು ಇಷ್ಟು: "ಈ ಸಲ ಚಂದ್ರಂಕಿಗಳನ್ನು ನಾನೇ ಅಂಗಳಕ್ಕೆ ಒಯ್ದು ಒರಗಿಸಿದೆ. ಭಾರವಿಲ್ಲ. ಅಗಲ ಹೆಚ್ಚು, ಎದುರಿಗೆ ಏನೂ ಕಾಣುವುದಿಲ್ಲ." ಎಸರು ಮರಳಿತು, ನಿಲ್ಲಿಸಿದೆ. ಆ ಬುಧವಾರ ನಸೀಮಾ ಎದ್ದು ನಿಂತವಳು ಓದದೆ ಕಾರ್ಡನ್ನು ಸುಜಾತಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳಂತೆ.

ಅನು, ಇದನ್ನೆಲ್ಲ ನಾನು ಬರೆಯುತ್ತಿರುವುದೂ ಹಾಗೆಯೇ. ಗ್ಯಾಸಿನ ಮೇಲೆ ಎಸರು ಬೇಗ ಮರಳುತ್ತದೆ, ಅದಕ್ಕೇ ಇಷ್ಟು ದಿನ ಹಿಡಿಯಿತು. ನಿನಗೆ ಗೋಡೆ ಚೆನ್ನಾಗಿಲ್ಲದಿದ್ದರೆ ಹಿತ್ತಲಿದೆ. ಹತ್ತು ನಿಮಿಷದ್ದು ಆಗದಿದ್ದರೆ ಕುಕ್ಕರು ಎರಡು ಸಲ ಕೂಗುವಷ್ಟರದು ಮಾಡು. ಮೂರನೆಯ ಕೂಗಿಗೆ ನಿಲ್ಲಿಸಿಬಿಡು. ನಿನ್ನನ್ನು ನೋಡುವವರು ಯಾರೋ ನನಗೆ ಗೊತ್ತಿಲ್ಲ, ಆದರೆ ಅವರಿಗೂ ಒಂದು ಬುಧವಾರ ಇರುತ್ತದೆ. ನಿನ್ನೆ ಅಡುಗೆಮನೆಯಿಂದ ಹೊರಗೆ ಬಂದಾಗ ನನ್ನ ಟವಲ್ಲು ಕುರ್ಚಿಯ ಮೇಲೆ ಬಿದ್ದಿತ್ತು, ಸ್ಟ್ಯಾಂಡು ಕಾಣಲಿಲ್ಲ. ಟವಲ್ಲನ್ನು ಹಿತ್ತಲಿನ ಹಗ್ಗದ ಮೇಲೆ ಹರವಿದೆ.

ಒಂದು ಕಾರ್ಡಿನ ವಿಷಯ ಉಳಿದಿದೆ. ಅದು ನಾನು ಬರೆದದ್ದಲ್ಲ, ನನಗೆ ಬಂದದ್ದು. ಹೈಸ್ಕೂಲು ಮುಗಿಸಿ, ಟಿಸಿಎಚ್ ಓದಿ, ನಿಮ್ಮಮ್ಮನಿಗೆ ಗೌರಿಬಿದನೂರಿನ ಆಚೆ ನಗರಗೆರೆಯ ಹತ್ತಿರ ಒಂದು ಹಳ್ಳಿಯಲ್ಲಿ ಸ್ಕೂಲ್ ಮೇಡಮ್ಮಿನ ಕೆಲಸವಾಯಿತು. ಸೋಮವಾರ ಸೇರಿದಳು. ಬುಧವಾರ ನಾರಾಯಣಪ್ಪ ಬೇಲಿಯ ಹತ್ತಿರದಿಂದಲೇ ಓದಿಕೊಂಡು ಬಂದ. ಅವನಿಗೂ ವಯಸ್ಸಾಗಿತ್ತು, ಕಾರ್ಡನ್ನು ದೂರ ಹಿಡಿದು ಓದುತ್ತಿದ್ದ.

"ಅಮ್ಮ, ಸ್ಕೂಲಿಗೆ ಸೇರಿದೆ. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಹೆಸರು ಕೇಳಿದರೆ ಬಾಗಿಲ ಹಿಂದೆ ಹೋಗುತ್ತಾಳೆ. ನಾನೂ ಬಾಗಿಲ ಹಿ"

ಅಷ್ಟೇ. ಅಲ್ಲಿಗೆ ನಿಂತಿತ್ತು. ಅವಳ ಎಸರು ಮರಳಿರಬೇಕು.

ನಾನು ಕಾರ್ಡು ಹಿಡಿದು ಜಗಲಿಯಲ್ಲಿ ಕೂತುಬಿಟ್ಟೆ. ಅತ್ತೆಗೆ ಆಗ ಕಣ್ಣು ಮಂಜು. ಮೂರು ಸಲ ಓದಿಸಿಕೊಂಡರು. ಆಮೇಲೆ ಗೋಡೆ ಹಿಡಿದು ಎದ್ದು ಮೆಲ್ಲಗೆ ಒಳಗೆ ಹೋದರು. ಕಡ್ಡಿ ಮುರಿಯುವ ಸದ್ದು ಕೇಳಿತು. ಪಾತ್ರೆಗೆ ನೀರು ಬಿದ್ದ ಸದ್ದು. ನಾನು ಗಾಬರಿಯಾಗಿ ಓಡಿದರೆ, ಇಪ್ಪತ್ತು ವರ್ಷಕ್ಕೂ ಮೇಲಿನ ನೇಮ ಬಿಟ್ಟು ಅತ್ತೆ ಒಲೆಯ ಮುಂದೆ ಕೂತು ಊದುತ್ತಿದ್ದರು.

"ಬಿಡಿ ಅತ್ತೆ, ನಾನ್ ಇಡ್ತೀನಿ. ಇವತ್ತು ಬುಧವಾರ, ಕಾರ್ಡು ಸೋಮವಾರಕ್ಕಲ್ವಾ?"

"ನಂಗೊತ್ತು ಕಣೇ. ಎಸರು ನಾನ್ ನೋಡ್ಕೋತೀನಿ" ಅಂದರು ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾ. "ನೀನ್ ಬರಿ."

ಹೊಸ್ತಿಲ ಮೇಲೆ ಕೂತು ಬರೆದೆ. ಒಂದೇ ವಿಷಯ, ಮನೆಯ ಒಳಗಿನದು.

"ಸುಜಿ, ಇವತ್ತು ನಿಮ್ಮಜ್ಜಿ ಎಸರಿಟ್ಟರು."